ನೀಲಿ ಚೀಟಿಯ ಮಹಾರಾಣಿ

ಮಾರ್ಚ್ 4, ಸೋಮವಾರ

ಸ್ವಸ್ತಿ. ರಟ್ಟಿನ ಕವಚಧಾರಿಯೂ, ಗೆರೆಪುಟಗಳ ಗಂಭೀರ ಒಡೆಯನೂ, ಅಕ್ಕನ ಕಣ್ಣಿಗೆ ಬೀಳದಂತೆ ನನ್ನ ಹಾಸಿಗೆಯಡಿಯಲ್ಲಿ ಅಜ್ಞಾತವಾಸ ಮಾಡುತ್ತಿರುವವನೂ ಆದ ಮಹಾರಾಜರಾಜಶ್ರೀ ದಿನಚರಿಯವರ ಪಾದಾರವಿಂದಗಳಿಗೆ, ಮೂಷಿಕ ಮಂಡಲದ ನೂತನ ಅಧೀಶ್ವರಿಯೂ, ಹಿಕ್ಕೆ ನಿವಾರಣಾ ಧುರಂಧರೆಯೂ, ಬಾಟಲಿ ಭಂಡಾರದ ಏಕಮೇವ ಅಧ್ಯಕ್ಷೆಯೂ ಆದ ನಾನು ಸಾಷ್ಟಾಂಗ ಎರಗಿ ಮಾಡುವ ಬಿನ್ನಹವೇನೆಂದರೆ: ಇಂದು ನನಗೆ ಕೆಲಸ ಸಿಕ್ಕಿತು. ಇಲಿ ಸಾಕುವ ಕೆಲಸ.

ಸಂಶೋಧನಾ ಕೇಂದ್ರದ ಹಿಂಬದಿಯ ಕಟ್ಟಡದಲ್ಲಿ ಕಿಟಕಿಯಿಲ್ಲದ ಒಂದು ಕೋಣೆ. ಗೋಡೆಯುದ್ದಕ್ಕೂ ಕಪಾಟು, ಕಪಾಟಿನ ತುಂಬ ಗಾಜಿನ ಪೆಟ್ಟಿಗೆ, ಪೆಟ್ಟಿಗೆಯ ತುಂಬ ಮರದ ಹೊಟ್ಟು, ಹೊಟ್ಟಿನ ನಡುವೆ ಬಿಳಿ ಇಲಿ. ಒಳಗೆ ಹೋಗುವವರು ಚಪ್ಪಲಿ ಕಳಚಿ, ಹತ್ತಿಯ ನಿಲುವಂಗಿ ತೊಟ್ಟು, ತಲೆಗೂದಲು ಮುಚ್ಚಿಕೊಳ್ಳಬೇಕು. ಒಂದು ನೈಲಾನ್ ಎಳೆ ಕೂಡ ಒಳಗೆ ಬರುವಂತಿಲ್ಲ. ಯಾಕೆಂದರೆ ಅಲ್ಲಿನ ಅರ್ಧ ಇಲಿಗಳು ಕುಡಿಯುವ ನೀರಿನಲ್ಲಿ ಪ್ಲಾಸ್ಟಿಕ್ ಇದೆ, ಕಣ್ಣಿಗೆ ಕಾಣದಷ್ಟು ಸಣ್ಣ ಪುಡಿಯಾಗಿ. ಇನ್ನರ್ಧಕ್ಕೆ ಬರಿಯ ನೀರು. ತಿನ್ನಲು ಮಾತ್ರ ಎಲ್ಲಕ್ಕೂ ಒಂದೇ ಬಗೆಯ ಮೇವಿನ ಉಂಡೆ. ಪ್ಲಾಸ್ಟಿಕ್ ಕುಡಿದವು ಅಷ್ಟೇ ತಿಂದೂ ದಪ್ಪಗಾಗುತ್ತವೆಯೇ, ರಕ್ತದ ಸಕ್ಕರೆಯನ್ನು ಇಳಿಸುವ ಶಕ್ತಿ ಅವುಗಳ ಮೈಗೆ ಕುಂದುತ್ತದೆಯೇ, ಬಸುರಿ ಇಲಿ ಕುಡಿದರೆ ಮರಿಗೇನಾಗುತ್ತದೆ ಎಂದು ನೋಡುವುದು ನಮ್ಮ ವಿಜ್ಞಾನಿ ಮೇಡಂ ಅವರ ಕೆಲಸ. ಬಾಟಲಿ ತೊಳೆಯುವುದು, ಹೊಟ್ಟು ಬದಲಾಯಿಸುವುದು, ಪ್ರತಿ ಸೋಮವಾರ ಇಲಿಗಳನ್ನು ತೂಗುವುದು ನನ್ನ ಕೆಲಸ.

ಪೆಟ್ಟಿಗೆಗಳ ಮೇಲೆ ಹಳದಿ ಇಲ್ಲವೇ ನೀಲಿ ಚೀಟಿ ಅಂಟಿಸಿದೆ. ಯಾವ ಬಣ್ಣಕ್ಕೆ ಯಾವ ನೀರು ಎಂಬುದು ಕೋಣೆಯಲ್ಲಿ ಯಾರಿಗೂ ಗೊತ್ತಿಲ್ಲ. ನೀರು ಬೇರೆ ಕಟ್ಟಡದಲ್ಲಿ ತಯಾರಾಗಿ, ಬಣ್ಣದ ಪಟ್ಟಿ ಕಟ್ಟಿಸಿಕೊಂಡು ಬರುತ್ತದೆ; ಬಣ್ಣದ ಗುಟ್ಟು ಪ್ರಯೋಗ ಮುಗಿಯುವವರೆಗೆ ಬೀಗದಲ್ಲಿ.

"ಊಹೆ ಮಾಡ್ಬೇಡ" ಎಂದರು ಮೇಡಂ. "ಇಲ್ಲಿ ಅದೇ ದೊಡ್ಡ ನಿಯಮ. ಕೈ ತೊಳೆಯೋದು ಮರೆತ್ರೆ ಬೈತೀನಿ, ಊಹೆ ಮಾಡಿದ್ರೆ ಮನೆಗೆ ಕಳಿಸ್ತೀನಿ."

"ಅಪ್ಪಣೆ" ಎಂದು ಎದೆಯ ಮೇಲೆ ಕೈಯಿಟ್ಟೆ. ಕೋಣೆಯಿಂದ ಹೊರಬರುವಷ್ಟರಲ್ಲಿ ಊಹೆ ಮಾಡಿಯಾಗಿತ್ತು, ಪ್ಲಾಸ್ಟಿಕ್ ಯಾವುದಕ್ಕೆಂದು. ನೀಲಿ.

ಜೊತೆಗೆ ಕೆಲಸ ಮಾಡುವ ಹಿರಿಯರೊಬ್ಬರಿದ್ದಾರೆ. ಏನು ಕೇಳಿದರೂ ಅವರ ಉತ್ತರ "ಹೂಂ". ನಾಳೆಯೂ ಬರಬೇಕಾ ಅಣ್ಣ? ಹೂಂ. ಇದು ಕಚ್ಚುತ್ತಾ? ಹೂಂ. ಕಚ್ಚಿಸಿಕೊಂಡ ಮೇಲೆ ಅವರಿಗೆ ಹೂಂ ಅಣ್ಣ ಎಂದು ನಾಮಕರಣ ಮಾಡಿದೆ.

ಮನೆಗೆ ಬಂದಾಗ ಅಕ್ಕ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರದ ಮುಂದಿದ್ದಳು. ಬಾಯಲ್ಲಿ ಗುಂಡುಪಿನ್ನು, ಹೊಟ್ಟೆಯ ಮೇಲೆ ಯಾರದೋ ಅರ್ಧ ಕುಪ್ಪಸ. ಬಸುರಿ ಅಕ್ಕನ ಹೊಟ್ಟೆ ಈಗ ಒಳ್ಳೆಯ ಮೇಜು.

"ಇಲಿ ಮುಟ್ಟಿದ ಕೈಲಿ ನನ್ನ ಗಿರಾಕಿಗಳ ಬಟ್ಟೆ ಮುಟ್ಟಿದ್ಯೋ, ಬಾಲ ಕತ್ತರಿಸ್ತೀನಿ ಕೋತಿ."

ಅಮ್ಮ ಹೋದ ಮೇಲೆ ನನ್ನ ತಲೆ ಬಾಚಿದವಳು, ಅಳತೆ ತೆಗೆಯದೆ ನನಗೆ ಬಟ್ಟೆ ಹೊಲಿಯಬಲ್ಲವಳು ಇವಳೊಬ್ಬಳೇ. ಆದ್ದರಿಂದ ಬಾಲದ ಬೆದರಿಕೆಯನ್ನು ಕ್ಷಮಿಸಲಾಯಿತು.

ಮಾರ್ಚ್ 11, ಸೋಮವಾರ

ಇಂದು ಮೊದಲ ತೂಕ. ಒಂದೊಂದೇ ಇಲಿಯನ್ನು ಬಾಲದ ಬುಡದಲ್ಲಿ ಹಿಡಿದು ತಕ್ಕಡಿಯ ಡಬ್ಬಿಗೆ ಇಳಿಸುವುದು, ನಾನು ಅಂಕಿ ಓದುವುದು, ಹೂಂ ಅಣ್ಣ ಹೂಂ ಎಂದು ಬರೆದುಕೊಳ್ಳುವುದು. ನೀಲಿಯವು ತುಸು ಮುಂದಿವೆ. ಹೇಳಿದೆನಲ್ಲ.

ಸಂಜೆ ಅಡುಗೆಮನೆಯ ಗೋಡೆಗೆ ರಾಜಾಜ್ಞೆ ಅಂಟಿಸಿದೆ: "ಈ ಮನೆಯ ಸಮಸ್ತ ಪ್ರಜೆಗಳಿಗೆ ತಿಳಿಯಪಡಿಸುವುದೇನೆಂದರೆ, ಬಿಸಿ ಪದಾರ್ಥವನ್ನು ಪ್ಲಾಸ್ಟಿಕ್ ಚೀಲದಲ್ಲಿ ಹೊತ್ತು ತರುವ ದೇಶದ್ರೋಹಿಗಳನ್ನು ಮಹಾರಾಣಿಯ ಪೆಟ್ಟಿಗೆಯಲ್ಲಿ ಕೂಡಿಹಾಕಿ ಉಂಡೆ ತಿನ್ನಿಸಲಾಗುವುದು." ಮಹಾರಾಣಿ ಎಂದರೆ ನೀಲಿ ಚೀಟಿಯ ಒಂದು ಬಸುರಿ ಇಲಿ. ನಡೆಯುವಾಗ ಹೊಟ್ಟೆ ಹೊಟ್ಟಿನ ಮೇಲೆ ಗೆರೆ ಎಳೆಯುತ್ತದೆ. ಪರಿವಾರದವರನ್ನು ತುಳಿದುಕೊಂಡೇ ನೀರಿಗೆ ಬರುತ್ತಾಳೆ.

ಭಾವ ಬಸ್ ಓಡಿಸಿ ಮುಗಿಸಿ ಮನೆಗೆ ಬಂದರು. ಕೈಯಲ್ಲಿ ಹೋಟೆಲಿನ ಊಟ, ಹೊಗೆಯಾಡುವ ಪ್ಲಾಸ್ಟಿಕ್ ಚೀಲಗಳಲ್ಲಿ. ಆಜ್ಞೆಯನ್ನು ಗಟ್ಟಿಯಾಗಿ ಓದಿದರು.

"ಏನಮ್ಮ ಇಲಿರಾಣಿ, ಬಿಸಿ ಊಟ ಬೊಗಸೇಲಿ ಹಿಡ್ಕೊಂಡು ಬರ್ಬೇಕಿತ್ತಾ?"

"ಪಾತ್ರೆ ತಗೊಂಡು ಹೋಗಿ ಭಾವ."

"ಪಾತ್ರೆ ಹಿಡ್ಕೊಳ್ಲೋ, ಸ್ಟೀರಿಂಗ್ ಹಿಡ್ಕೊಳ್ಲೋ? ಐವತ್ತು ಜನದ ಪ್ರಾಣ ಇದೆ ನನ್ನ ಕೈಲಿ."

"ಅದರಲ್ಲಿ ನಿಮ್ಮಿಂದ ತಪ್ಪಿಸ್ಕೊಂಡು ನಡ್ಕೊಂಡು ಹೋಗೋರೇ ಜಾಸ್ತಿ" ಎಂದಳು ಅಕ್ಕ.

ಅಕ್ಕನ ಕೋಣೆಯ ಬಾಗಿಲಿಗೆ ಸಕಲ ಮರ್ಯಾದೆಗಳೊಡನೆ ಒಂದು ಹಳದಿ ಚೀಟಿ ಅಂಟಿಸಿದೆ. ಹಳದಿ ಎಂದರೆ ಶುದ್ಧ ನೀರು, ಕ್ಷೇಮ. ಭಾವನ ಶೂ ಒಳಗೆ ಹತ್ತಿಯಿಂದ ಮಾಡಿದ ಇಲಿಯೊಂದನ್ನು ಮಲಗಿಸಿದೆ. ಅವರು ಕಾಲು ಹಾಕಿದಾಗ ಹೊರಟ ಶಬ್ದ ಅವರ ಬಸ್ಸಿನ ಹಾರನ್ನಿಗೂ ಇಲ್ಲ.

ಏಪ್ರಿಲ್ 1, ಸೋಮವಾರ

ಮೂರ್ಖರ ದಿನ. ಏನೂ ಮಾಡಲಿಲ್ಲ. ಹೊಳೆಯಲಿಲ್ಲ.

ಮಹಾರಾಣಿ ಹೆತ್ತಿದ್ದಾಳೆ. ಮರಿಗಳು ಗುಲಾಬಿ ಬಣ್ಣದ ಬೆರಳ ತುದಿಗಳಂತಿವೆ. ತೂಗಿದೆ. ಹಳದಿಯ ಮರಿಗಳಿಗಿಂತ ನೀಲಿಯವು ಭಾರ. ಮಹಾರಾಣಿಯ ತೂಕ ಹೆತ್ತ ಮೇಲೂ ಇಳಿದಿಲ್ಲ. ಉಂಡೆಯನ್ನು ಅಳೆದೇ ಹಾಕುತ್ತೇವೆ, ಉಳಿದದ್ದನ್ನೂ ತೂಗುತ್ತೇವೆ. ಅವಳು ಹೆಚ್ಚು ತಿನ್ನುತ್ತಿಲ್ಲ.

ಮೇಡಂ ನನ್ನ ಹೆಗಲ ಮೇಲಿಂದ ಬಗ್ಗಿ ಮರಿಗಳನ್ನು ನೋಡುತ್ತಿದ್ದರು. "ಇವು ಇನ್ನೂ ಬಾಟಲಿ ಮುಟ್ಟಿಲ್ಲ, ಹಾಲು ಮಾತ್ರ. ಆದ್ರೂ ಇವುಗಳ ಮೇಲೇ ನನ್ನ ಕಣ್ಣು."

"ಯಾಕೆ ಮೇಡಂ?"

"ತಾಯಿ ಕುಡಿದದ್ದು ತಾಯೀಲೇ ನಿಲ್ಲುತ್ತೆ ಅಂತ ಹೇಳಕ್ಕಾಗಲ್ಲ. ಅದನ್ನೇ ನೋಡ್ತಿರೋದು ನಾವು."

ಇದನ್ನು ಅವರು ಬಹಳ ಸಾಧಾರಣವಾಗಿ ಹೇಳಿ ಕೈಗವಸು ಬಿಚ್ಚಿದರು. ನಾನು ಡಬ್ಬಿ ಹಿಡಿದುಕೊಂಡೇ ನಿಂತಿದ್ದೆ. ಮನೆಯಲ್ಲಿ ಅಕ್ಕ ಯಾವ ನೀರು ಕುಡಿಯುತ್ತಾಳೆ?

ಏಪ್ರಿಲ್ 3

ದೊಡ್ಡ ಪ್ಲಾಸ್ಟಿಕ್ ಕ್ಯಾನಿನ ನೀರು. ಬಿಸಿಲಲ್ಲಿ ಗಾಡಿಯ ಮೇಲೆ ಬರುತ್ತದೆ. ಕ್ಯಾನಿನ ಒಳಮೈಯನ್ನು ಬೆರಳಿನಿಂದ ಮುಟ್ಟಿ ನೋಡಿದೆ, ತರಿತರಿ. ನಲ್ಲಿಯ ನೀರಾದರೂ ಛಾವಣಿಯ ಮೇಲಿನ ಕರಿಯ ಪ್ಲಾಸ್ಟಿಕ್ ತೊಟ್ಟಿಯಿಂದ, ಪ್ಲಾಸ್ಟಿಕ್ ಕೊಳವೆಯಲ್ಲೇ ಬರುವುದು. ಉಪ್ಪಿನ ಡಬ್ಬಿ, ಹಾಲಿನ ಚೀಲ, ತರಕಾರಿ ಕತ್ತರಿಸುವ ಬಿಳಿ ಹಲಗೆ. ಹಲಗೆಯ ನಡುವೆ ಚಾಕು ತಿಂದು ತಗ್ಗಾಗಿದೆ. ಆ ತಗ್ಗಿನಲ್ಲಿದ್ದದ್ದು ಎಲ್ಲಿ ಹೋಯಿತು?

ಇಷ್ಟು ದಿನ ಈ ಹಲಗೆಯನ್ನು ನಾನು ನೋಡಿಯೇ ಇರಲಿಲ್ಲ.

ಏಪ್ರಿಲ್ 9

ಕ್ಯಾನು ವಾಪಸು ಕಳಿಸಿದೆ. ಅಂಗಡಿಯಿಂದ ಮಣ್ಣಿನ ಹೂಜಿ ತಂದೆ. ಡಬ್ಬಿಗಳನ್ನೆಲ್ಲ ಮೂಟೆ ಕಟ್ಟಿ ಆಚೆ ಇಟ್ಟೆ. ಭಾವ ಉಪ್ಪು ಹುಡುಕಿ ಹುಡುಕಿ ಕೊನೆಗೆ ಲೋಟದಲ್ಲಿ ಕಂಡುಹಿಡಿದರು.

"ಈ ಮನೇಲಿ ಮುಂದೆ ನಾನು ಯಾವುದರಲ್ಲಿ ಇರ್ತೀನಿ ಹೇಳಿಬಿಡು, ಹುಡುಕ್ಕೊಳ್ಳೋಕೆ ಸುಲಭ" ಎಂದರು.

ಅಕ್ಕ ನಕ್ಕಳು. ನನಗೆ ನಗು ಬರಲಿಲ್ಲ. ಹಲ್ಲುಜ್ಜುವ ಬ್ರಷ್ಷು ಉಳಿದಿದೆ.

ಏಪ್ರಿಲ್ 18

ಇಂದು ಸಕ್ಕರೆ ಪರೀಕ್ಷೆ. ಇಲಿಗಳನ್ನು ಉಪವಾಸವಿಟ್ಟು, ಸಕ್ಕರೆ ನೀರು ಕೊಟ್ಟು, ಬಾಲದ ತುದಿ ಚುಚ್ಚಿ ಒಂದು ಹನಿ ರಕ್ತವನ್ನು ಸಕ್ಕರೆ ಅಳೆಯುವ ಪಟ್ಟಿಗೆ ಮುಟ್ಟಿಸುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ. ಮತ್ತೊಮ್ಮೆ. ಆರೋಗ್ಯವಂತ ಇಲಿಯಾದರೆ ಸಕ್ಕರೆ ಏರಿ, ಬೇಗ ಇಳಿಯಬೇಕು.

ಹಿಡಿದುಕೊಳ್ಳುವುದು ನನ್ನ ಪಾಲಿಗೆ ಬಂತು. ಮಹಾರಾಣಿ ನನ್ನ ಮುಷ್ಟಿಯಲ್ಲಿ ಬೆಚ್ಚಗೆ ಕುಳಿತಿದ್ದಳು. ಅವಳ ಎದೆ ನನ್ನ ಹೆಬ್ಬೆರಳಿಗೆ ಬಡಿಯುತ್ತಿತ್ತು. ಮೇಡಂ ಅಂಕಿ ಹೇಳಿದರು. ಏರಿತು. ಮತ್ತೆ ಹೇಳಿದರು. ಇಳಿದಿರಲಿಲ್ಲ. ಮೂರನೆಯ ಸಲವೂ ಅಷ್ಟಕ್ಕಷ್ಟೆ. ಆಮೇಲೆ ಬಂದ ಇಲಿಗಳ ಅಂಕಿಗಳನ್ನೂ ಅವರು ಹೇಳುತ್ತಲೇ ಇದ್ದರು. ನನ್ನ ಕಿವಿಗೆ ಬೀಳಲಿಲ್ಲ.

ಬಾಟಲಿ ತೊಳೆಯುವಾಗ ಕೇಳಿದೆ, "ಅಣ್ಣ, ಮನುಷ್ಯರಿಗೂ ಹೀಗೇ ಆಗುತ್ತಾ?"

ಹೂಂ ಅಣ್ಣ ನನ್ನನ್ನು ನೋಡಿದರು. ಬ್ರಷ್ಷನ್ನು ಬಾಟಲಿಯೊಳಗೆ ತಿರುಗಿಸಿದರು. ಹೂಂ ಎನ್ನಲಿಲ್ಲ.

ಎಲ್ಲದಕ್ಕೂ ಹೂಂ ಎನ್ನುವ ಮನುಷ್ಯ. ಕಚ್ಚುತ್ತಾ ಎಂದರೆ ಹೂಂ ಎಂದವರು.

ಏಪ್ರಿಲ್ 20, ಶನಿವಾರ

ಗಾಳಿಯನ್ನು ಮರೆತುಬಿಟ್ಟಿದ್ದೆ. ಅಕ್ಕ ಈಗ ಹೊಲಿಯುತ್ತಿರುವುದು ಒಂದು ಶಾಲೆಯ ಸಮವಸ್ತ್ರ, ಒಂದು ಎಳೆಯೂ ಹತ್ತಿಯಲ್ಲ. ಅಂಚು ಹೊಲಿಯುವ ಯಂತ್ರ ಬಟ್ಟೆಯ ತುದಿಯನ್ನು ಕತ್ತರಿಸುತ್ತಾ ಹೋದಂತೆ ನೂಲಿನ ಧೂಳು ಏಳುತ್ತದೆ. ಬೆಳಗಿನ ಬಿಸಿಲು ಕಿಟಕಿಯಿಂದ ಬಿದ್ದಾಗ ಕಂಡೆ, ಅಕ್ಕನ ಮುಖದ ಸುತ್ತ ಅದು ತೇಲುತ್ತಿತ್ತು. ರೆಪ್ಪೆಯ ಮೇಲೆ, ತುಟಿಯ ಮೇಲೆ. ಅವಳು ಉಸಿರೆಳೆದುಕೊಂಡಾಗ ಅದು ಒಳಗೆ ಹೋಯಿತು.

ಎರಡು ಯಂತ್ರಗಳ ಬೆಲ್ಟನ್ನೂ ಬಿಚ್ಚಿ ಚೀಲದಲ್ಲಿ ಹಾಕಿಕೊಂಡು ಕೆಲಸಕ್ಕೆ ಹೋದೆ.

ಸಂಜೆ ಅಕ್ಕ ಬಾಗಿಲಲ್ಲೇ ನಿಂತಿದ್ದಳು.

"ಬೆಲ್ಟ್ ಎಲ್ಲೇ?"

"ನನ್ನ ಹತ್ರ ಇದೆ."

"ಸಾಕು ನಿನ್ನ ಕೋತಿ ಆಟ. ಮಂಗಳವಾರ ಅಷ್ಟು ಬಟ್ಟೆ ಕೊಡ್ಬೇಕು ನಾನು. ಕೊಡಿಲ್ಲಿ."

"ಆಟ ಅಲ್ಲ ಅಕ್ಕ."

ಅವಳು ಚಾಚಿದ ಕೈ ಹಿಂದೆ ತೆಗೆದಳು. "ನೀನು ಆಟ ಅಲ್ಲ ಅಂತ ಹೇಳಿದ್ದು ಅಮ್ಮ ಹೋದಾಗ ಒಂದ್ಸಲ. ಏನಾಯ್ತೇ?"

ಎಲ್ಲ ಹೇಳಿಬಿಟ್ಟೆ. ಮಹಾರಾಣಿ, ಅವಳ ಮರಿಗಳು, ಇಳಿಯದ ಸಕ್ಕರೆ, ಮೇಡಂ ಮಾತು, ಹೂಂ ಅನ್ನದ ಹೂಂ ಅಣ್ಣ, ಬಿಸಿಲಲ್ಲಿ ಕಂಡ ಧೂಳು. ಅಕ್ಕ ಬಟ್ಟೆಯ ರಾಶಿಯ ಮೇಲೆ ಕುಳಿತು ಕೇಳಿದಳು. ನಡುವೆ ಒಮ್ಮೆಯೂ ಕೋತಿ ಎನ್ನಲಿಲ್ಲ. ಮುಗಿದ ಮೇಲೆ, "ಐದು ತಿಂಗಳಿಂದ ಇದೇ ಗಾಳಿ ಕಣೇ" ಎಂದಳು.

ಹೇಳಿದ ಮೇಲೆ ನನಗೆ ಎದೆಯ ಮೇಲಿನ ಕಲ್ಲು ಇಳಿಸಿದಂತಾಯಿತು. ಎಷ್ಟೋ ದಿನದ ನಂತರ ಹೊಟ್ಟೆ ತುಂಬ ಉಂಡೆ. ಅಕ್ಕ ತಟ್ಟೆಯಲ್ಲಿ ಕೈಯಾಡಿಸಿ ಎದ್ದಳು. ಬೆಲ್ಟನ್ನು ಅವಳು ಮತ್ತೆ ಕೇಳಲಿಲ್ಲ.

ಏಪ್ರಿಲ್ 26, ಶುಕ್ರವಾರ

ಅಕ್ಕನ ಜೊತೆ ಆಸ್ಪತ್ರೆಗೆ ಹೋಗಿದ್ದೆ, ಭಾವನಿಗೆ ರಜೆ ಸಿಗಲಿಲ್ಲ. ಬಸುರಿಯರಿಗೆಲ್ಲ ಈ ತಿಂಗಳಲ್ಲಿ ಮಾಡುವ ಪರೀಕ್ಷೆಯಂತೆ. ಉಪವಾಸ. ಸಕ್ಕರೆ ನೀರು. ಚುಚ್ಚುವುದು. ಕಾಯುವುದು. ಮತ್ತೆ ಚುಚ್ಚುವುದು.

ನರ್ಸು ಅಕ್ಕನ ಬೆರಳನ್ನು ಹಿಡಿದಾಗ ನಾನು ಎದ್ದು ಆಚೆ ಹೋದೆ. ಬೆರಳು ಹಿಡಿಯುವ ರೀತಿಯೂ ಅದೇ.

ಸಕ್ಕರೆ ಹೆಚ್ಚಿದೆ. ಮಗುವೂ ದಿನಕ್ಕೆ ತಕ್ಕದ್ದಕ್ಕಿಂತ ಸ್ವಲ್ಪ ತೂಕದ್ದು.

"ಗಾಬರಿ ಆಗೋದೇನಿಲ್ಲ" ಎಂದರು ಡಾಕ್ಟರು. "ತುಂಬಾ ಜನಕ್ಕೆ ಬರುತ್ತೆ, ಹೆರಿಗೆ ಆದ್ಮೇಲೆ ಸಾಮಾನ್ಯವಾಗಿ ಹೋಗುತ್ತೆ. ಸಿಹಿ ಬಿಡಿ, ದಿನಾ ನಡೀರಿ, ಹೊತ್ತೊತ್ತಿಗೆ ಊಟ ಮಾಡಿ, ಚೆನ್ನಾಗಿ ನೀರು ಕುಡೀರಿ."

ಅಕ್ಕ ತಲೆಯಾಡಿಸಿದಳು. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕುಳಿತಳು. ನಮ್ಮ ನಿಲ್ದಾಣ ಹತ್ತಿರ ಬಂದಾಗ ಕೇಳಿದಳು.

"ನಂದು ಯಾವ ಚೀಟಿ ಕಣೇ?"

ಇಲ್ಲ ಎನ್ನಬೇಕಿತ್ತು, ಹುಚ್ಚೀ ಎನ್ನಬೇಕಿತ್ತು. ನಿಲ್ದಾಣ ಬಂತೆಂದು ಎದ್ದು ಚೀಲ ಎತ್ತಿಕೊಂಡೆ. ನಾನು, ಮಾತಿಗೆ ಬರವೇ ಇಲ್ಲದ ನಾನು.

ಏಪ್ರಿಲ್ 27

ಅಕ್ಕನ ಬಾಗಿಲಿನ ಹಳದಿ ಚೀಟಿ ಇಲ್ಲ. ಅಲ್ಲಿ ಸಮವಸ್ತ್ರದ ಬಟ್ಟೆಯ ಒಂದು ನೀಲಿ ತುಂಡು, ಗುಂಡುಪಿನ್ನಿನಿಂದ ಚುಚ್ಚಿದೆ. ಅಂಚನ್ನು ನೀಟಾಗಿ ಮಡಿಸಿ ಕೈಹೊಲಿಗೆ ಹಾಕಿದ್ದಾಳೆ.

ಮೇ 3

ಇಂದು ಕೆಲವು ಇಲಿಗಳನ್ನು ತೆಗೆದರು. ಕೊಲ್ಲುವುದಕ್ಕೆ ಅಲ್ಲಿ ಹಾಗೆನ್ನುತ್ತಾರೆ. ನೋವಾಗದಂತೆ ಮಾಡುತ್ತಾರೆ, ಅದು ನಿಜ. ಮಹಾರಾಣಿಯ ಸರದಿಯೂ ಬಂತು. ಪೆಟ್ಟಿಗೆಯಿಂದ ಎತ್ತಿ ಕೊಟ್ಟವಳು ನಾನು. ಅವಳು ನನ್ನ ಕೈಯನ್ನು ಮೂಸಿ, ತಿನ್ನಲು ಏನೂ ಇಲ್ಲವೆಂದು ತಿಳಿದು ಕುಳಿತಳು.

ಮೇಡಂ ಯಕೃತ್ತನ್ನು ಬಿಳಿ ತಟ್ಟೆಯ ಮೇಲಿಟ್ಟರು. ಕಡುಗೆಂಪಾಗಿರಬೇಕಾದದ್ದು. ನನ್ನ ಕಣ್ಣಿಗೆ ಅದು ಬೆಣ್ಣೆ ಸವರಿದಂತೆ ಮಸುಕಾಗಿ ಕಂಡಿತು.

"ಇದು ಕೊಬ್ಬಾ ಮೇಡಂ?"

"ಬರೀ ಕಣ್ಣಲ್ಲಿ ನೋಡಿ ಹೇಳೋದಲ್ಲ ಅದು. ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡ್ಬೇಕು."

ಹಾಗೆಂದರೆ ಹೌದು ಎಂದರ್ಥ. ಮನೆಯಲ್ಲಿ ಇದನ್ನು ಹೇಳಬಾರದೆಂದು ದಾರಿಯುದ್ದಕ್ಕೂ ಅಂದುಕೊಂಡೆ. ಅಕ್ಕ ಬಾಗಿಲು ತೆರೆದು ನನ್ನ ಮುಖ ನೋಡಿದಳು. "ಮಹಾರಾಣಿ ಹೋದ್ಲಾ?" ಎಂದಳು. ಹೇಳಿದೆ. ಯಕೃತ್ತಿನದನ್ನೂ ಹೇಳಿದೆ.

ಮೇ 6, ಸೋಮವಾರ

ಅಕ್ಕನ ಕೆನ್ನೆ ಇಳಿದಿದೆ. ನಿಲ್ಲಿಸಿ ತೂಗಿದೆ, ಕಡಿಮೆ. ನೀಲಿಯವು ಹೀಗೆ ಇಳಿಯುವುದೇ ಇಲ್ಲ. ಸಮಾಧಾನವಾಯಿತು. ಹೂಜಿಯ ನೀರೂ ಮಿಕ್ಕುತ್ತಿದೆ, ದಿನಾ ತುಂಬಿಸುವ ಕೆಲಸ ತಪ್ಪಿತು.

ಭಾವ ತಮಾಷೆ ಮಾಡುವುದನ್ನು ಬಿಟ್ಟಿದ್ದಾರೆ. ಯಾಕೋ ತಿಳಿಯದು. ತಟ್ಟೆ ತೊಳೆಯುತ್ತಾ, "ಅವಳು ಏನಾದ್ರೂ ತಿಂತಾಳಾ ನೀನು ನೋಡಿದಾಗ?" ಎಂದು ಕೇಳಿದರು.

ಮೇ 8

ಅಕ್ಕ ಬಿದ್ದಳು.

ಅಳತೆ ಕೊಡಲು ಬಂದ ಹೆಂಗಸು ನೋಡಿದ್ದು. ಕತ್ತರಿಸುವ ಮೇಜಿನ ಪಕ್ಕ, ಬಟ್ಟೆಯ ಮೇಲೆ. ತುಟಿ ಒಡೆದು ಬೆಳ್ಳಗಾಗಿತ್ತಂತೆ. ಭಾವ ಬಸ್ಸನ್ನು ನಿಲ್ದಾಣದಲ್ಲೇ ಬಿಟ್ಟು ಓಡಿದರಂತೆ. ನಾನು ತಲುಪುವಷ್ಟರಲ್ಲಿ ಆಸ್ಪತ್ರೆ.

ಮೇ 9, ಬೆಳಿಗ್ಗೆ

ಡಾಕ್ಟರು ನಮ್ಮಿಬ್ಬರನ್ನು ಹೊರಗೆ ಕರೆದರು. "ಇವ್ರು ನೀರು ಕುಡಿದು ಎಷ್ಟು ದಿನ ಆಯ್ತು?" ಎಂದರು. ಭಾವ ನನ್ನನ್ನು ನೋಡಿದರು. ನನಗೆ ಮಿಕ್ಕುತ್ತಿದ್ದ ಹೂಜಿಯ ನೀರು ನೆನಪಾಯಿತು.

ಅಕ್ಕ ಎಷ್ಟೋ ದಿನಗಳಿಂದ ನೀರನ್ನು ಬರಿಯ ತುಟಿಗೆ ತಾಗಿಸಿ ಇಡುತ್ತಿದ್ದಳಂತೆ. ಊಟವೂ ಅಷ್ಟೇ. ಮಗುವಿನ ಸುತ್ತಲಿನ ನೀರು ಕಡಿಮೆಯಾಗಿದೆ. ಇನ್ನೂ ಕಡಿಮೆಯಾದರೆ ಮಗುವಿನ ಎದೆಬಡಿತಕ್ಕೇ ಅಪಾಯ, ಈಗಲೇ ಹೊರತೆಗೆಯಬೇಕಾದರೆ ಅದಿನ್ನೂ ಬಹಳ ಚಿಕ್ಕದು. ನರದ ಮೂಲಕ ದ್ರವ ಕೊಡಲೇಬೇಕು.

ಕೊಟ್ಟರು. ಅಕ್ಕನಿಗೆ ಚೆನ್ನಾಗಿ ಎಚ್ಚರವಾಯಿತು. ಕಣ್ಣು ಮೇಲಕ್ಕೆ ಹೋಯಿತು. ಕಂಬಿಗೆ ತೂಗುಬಿಟ್ಟ ಪ್ಲಾಸ್ಟಿಕ್ ಚೀಲ, ಅದರಿಂದ ಇಳಿದ ಪ್ಲಾಸ್ಟಿಕ್ ಕೊಳವೆ, ಕೊಳವೆಯ ತುದಿಯಲ್ಲಿ ತನ್ನ ಕೈ.

ಸೂಜಿಯನ್ನು ಕಿತ್ತುಬಿಟ್ಟಳು. ಹಾಸಿಗೆಯ ಮೇಲೆಲ್ಲ ರಕ್ತ.

"ರೀ, ಬೇಡ ಅಂತ ಹೇಳ್ರೀ ಇವ್ರಿಗೆ. ನೇರ ರಕ್ತಕ್ಕೇ ಬಿಡ್ತಾ ಇದಾರೆ. ಬಾಯಿಂದ ಹೋದದ್ದಕ್ಕೇ ಮರಿಗಳು ಹಾಗಾದ್ವು."

"ಮರಿಗಳಲ್ಲ ಕಣೇ, ಮಗು. ನಮ್ಮ ಮಗು" ಎಂದರು ಭಾವ. "ಡಾಕ್ಟರ್ ಮಾತು ಕೇಳು."

"ಡಾಕ್ಟರ್‌ಗೇನು ಗೊತ್ತು, ಇವಳು ದಿನಾ ಕಣ್ಣಾರೆ ನೋಡ್ತಾಳೆ. ಕೇಳಿ ಇವಳನ್ನ. ಹೇಳೇ."

ಎಲ್ಲರೂ ನನ್ನನ್ನು ನೋಡಿದರು. ನರ್ಸು ಕೂಡ, ಹತ್ತಿಯನ್ನು ಅಕ್ಕನ ಕೈಗೆ ಒತ್ತಿ ಹಿಡಿದುಕೊಂಡೇ.

ನಾನು ಹೊರಗೆ ಓಡಿದೆ. ಓಡಿ ಹೋದದ್ದು ಮೇಡಂ ಬಳಿಗೆ.

"ನೀಲಿ ಏನು ಮೇಡಂ? ದಯವಿಟ್ಟು ಬೀಗ ತೆಗೆದು ನೋಡಿ."

ಮೇಡಂ ಮೊದಲು ನನ್ನನ್ನು ಕೂರಿಸಿದರು. ಕೇಳಿಸಿಕೊಂಡರು. ಮಾತಾಡುವಾಗ ದನಿ ತಗ್ಗಿತ್ತು. "ನಂಗೂ ಗೊತ್ತಿಲ್ಲಮ್ಮ. ಮುಗಿಯೋವರೆಗೂ ತೆಗೆಯಲ್ಲ, ತೆಗೆದ್ರೆ ಇಷ್ಟು ಇಲಿಗಳ ಪ್ರಾಣ ದಂಡ. ತೆಗೆದ್ರೂ ಅದು ಇಲಿ ಕಥೆ. ನಾವು ಕೊಡೋ ಪ್ರಮಾಣ ಬೇರೆ, ಅವುಗಳ ಮೈ ಬೇರೆ. ನಿಮ್ಮಕ್ಕಂಗೆ ಸಕ್ಕರೆ ಯಾಕೆ ಬಂತು ಅಂತ ಅದು ಹೇಳಲ್ಲ."

"ಹಾಗಾದ್ರೆ ಪ್ಲಾಸ್ಟಿಕ್‌ನಿಂದ ಏನೂ ಆಗಲ್ವಾ?"

"ಹಾಗಂತ ನಾನು ಹೇಳಲ್ಲ. ಆ ಭಯ ಇಲ್ದಿದ್ರೆ ಈ ಕೋಣೇನೇ ಇರ್ತಿರ್ಲಿಲ್ಲ." ನನ್ನನ್ನು ಎಬ್ಬಿಸಿ ನಿಲ್ಲಿಸಿ ಹೇಳಿದರು, "ನೀರಿಲ್ದೆ ಇದ್ರೆ ಏನಾಗುತ್ತೆ ಅನ್ನೋದು ಮಾತ್ರ ಗೊತ್ತು. ಅದಕ್ಕೆ ಯಾವ ಚೀಟೀನೂ ಬೇಡ. ಹೋಗು."

ಮೇ 9, ಸಂಜೆ

ದಾರಿಯಲ್ಲಿ ತೀರ್ಮಾನ ಮಾಡಿದೆ. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂದಲು ಸರಿಮಾಡಿಕೊಂಡು, ಮುಖ ಒರೆಸಿಕೊಂಡು, ಹಾಸಿಗೆಯ ಮುಂದೆ ನಿಂತು ಎರಡೂ ಕೈ ಮೇಲೆತ್ತಿದೆ.

"ಮೂಷಿಕ ಮಂಡಲದ ಸಮಸ್ತ ಪ್ರಜೆಗಳೂ ಕೇಳಿರಿ. ಇಂದು ಗುಟ್ಟಿನ ಬೀಗ ಒಡೆಯಲಾಗಿ, ಹಳದಿ ಚೀಟಿಯವರೇ ಪ್ಲಾಸ್ಟಿಕ್ ಕುಡಿದವರೆಂದೂ, ನಮ್ಮ ದಿವಂಗತ ಮಹಾರಾಣಿಯು ಆಜನ್ಮ ಶುದ್ಧೋದಕವನ್ನೇ ಸೇವಿಸಿದವಳೆಂದೂ ಸಾಬೀತಾಗಿದೆ. ಆಕೆಯ ಸ್ಥೂಲಕಾಯಕ್ಕೆ ಆಕೆಯ ವಂಶವೇ ಹೊಣೆಯೆಂದು ಈ ಮೂಲಕ ಸಾರಲಾಗಿದೆ."

ಅಕ್ಕ ದಿಂಬಿನಿಂದ ತಲೆ ಎತ್ತಿದಳು.

"ಹಳದಿನಾ?"

"ಹಳದಿ."

"ಆ ಹಳದಿಯವು ಹೇಗಿವೆ?"

"ತೆಳ್ಳಗೆ, ಬೆಳ್ಳಗೆ, ಗಾಜು ಹತ್ತಿ ಇಳಿದು ಮಾಡ್ಕೊಂಡಿವೆ. ನೀನೇ ಬಂದು ನೋಡು."

"ಮತ್ತೆ ನಂಗ್ಯಾಕೆ ಸಕ್ಕರೆ?"

"ಡಾಕ್ಟರ್ ಹೇಳಿದ್ರಲ್ಲ, ತುಂಬಾ ಜನಕ್ಕೆ ಬರುತ್ತಂತೆ. ನಿಂಗೆ ಬರ್ಬಾರ್ದು ಅಂದ್ರೆ ನೀನೇನು ಮೇಲಿಂದ ಇಳಿದು ಬಂದೋಳಾ?"

"ಅಮ್ಮನ ಮೇಲೆ ಆಣೆ ಹಾಕು."

ಭಾವ ತಲೆ ಎತ್ತಿದರು. ನಾನು ಅಕ್ಕನ ಅಂಗೈ ಮೇಲೆ ಕೈಯಿಟ್ಟೆ. ಹಾಕಿದೆ.

ಅಕ್ಕ ಕಣ್ಣು ಮುಚ್ಚಿದಳು. ಅವಳ ಹೆಗಲು ಹಾಸಿಗೆಗೆ ಇಳಿದದ್ದನ್ನು ಕಂಡೆ. ಇಷ್ಟು ದಿನ ಅದು ಮೇಲೆಯೇ ಇತ್ತೆಂದು ಆಗ ಗೊತ್ತಾಯಿತು. "ನನ್ನನ್ನ ಹೆದರಿಸಿ ಕೊಂದುಬಿಟ್ಯಲ್ಲೇ ಕೋತಿ" ಎಂದಳು. ಇನ್ನೊಂದು ಕೈಯನ್ನು ನರ್ಸಿನ ಕಡೆ ಚಾಚಿದಳು.

ಹನಿ ಬೀಳತೊಡಗಿತು. ಅದನ್ನೇ ನೋಡುತ್ತಾ ಕುಳಿತೆ. ಆ ಚೀಲದಿಂದ ಜಾರಿದ ಒಂದೊಂದು ಹನಿಯನ್ನೂ ಎಣಿಸಿದೆ. ಅಕ್ಕನನ್ನು ಬಿಟ್ಟ ಭಯ ಎಲ್ಲಿಗೆ ಹೋಯಿತೆಂದು ಕೇಳಿದರೆ ನಾನು ವಿಳಾಸ ಕೊಡಬಲ್ಲೆ.

ಕಾರಿಡಾರಿನಲ್ಲಿ ಭಾವ ಚಹಾ ತಂದುಕೊಟ್ಟರು. ಗಾಜಿನ ಲೋಟದಲ್ಲಿ, ಎಲ್ಲಿಂದ ಕಾಡಿಬೇಡಿ ತಂದರೋ. ಪಕ್ಕದಲ್ಲಿ ಕುಳಿತು, "ಆ ಬೀಗ ನಿಜವಾಗ್ಲೂ ಒಡೆದ್ರಾ?" ಎಂದು ಕೇಳಿದರು.

ನಾನು ಚಹಾ ಊದಿದೆ.

"ಸರಿ, ಸರಿ. ಕೇಳಲ್ಲ" ಎಂದರು ಭಾವ.

ಮೇ 13

ಮಗುವಿನ ಸುತ್ತಲಿನ ನೀರು ಏರಿದೆ. ಎದೆಬಡಿತ ಕೇಳಿಸಿದರು. ಓಡುವ ಕುದುರೆಯಂತಿದೆ. ಅಕ್ಕ ಲೋಟ ಖಾಲಿ ಮಾಡಿ ಬೋರಲು ಹಾಕಿ ನನಗೆ ತೋರಿಸುತ್ತಾಳೆ.

ಮೇ 20, ಸೋಮವಾರ

ಅಕ್ಕ ಮನೆಗೆ ಬಂದಿದ್ದಾಳೆ. ದಿನಾ ಸಂಜೆ ಭಾವನ ಜೊತೆ ನಡೆಯುತ್ತಾಳೆ. ಸಕ್ಕರೆ ಹತೋಟಿಯಲ್ಲಿದೆ. ಬಾಗಿಲ ಮೇಲೆ ಈಗ ಯಾವ ಬಣ್ಣವೂ ಇಲ್ಲ. ಬೆಲ್ಟು ಕೊಟ್ಟೆ. ಅವಳು ಹೊಲಿಯುವಾಗ ನಾನು ಕಿಟಕಿ ತೆರೆದಿಡುತ್ತೇನೆ, ಒದ್ದೆ ಬಟ್ಟೆಯಿಂದ ನೆಲ ಒರೆಸುತ್ತೇನೆ. ಯಾಕೆಂದು ಅವಳು ಕೇಳುವುದಿಲ್ಲ. ಗುಟ್ಟು ಒಡೆಯುವ ದಿನ ಇನ್ನೂ ದೂರವಿದೆ. ಅಂದು ಏನು ಬರುತ್ತದೋ ಎಂದು ಈಗಲೇ ದಿನ ಎಣಿಸುತ್ತಿದ್ದೇನೆ.

ಇಂದು ತೂಕದ ದಿನ. ಮಹಾರಾಣಿಯ ಮಗಳೊಬ್ಬಳನ್ನು ಡಬ್ಬಿಗೆ ಇಳಿಸಿದೆ. ಇಲಿ ಡಬ್ಬಿಯಲ್ಲಿ ಸುಮ್ಮನೆ ಕೂರುವುದಿಲ್ಲ. ಅದು ಹೊರಳಿದಂತೆ ತಕ್ಕಡಿಯ ಅಂಕಿಯೂ ಏರುತ್ತದೆ, ಇಳಿಯುತ್ತದೆ. ಅಂಕಿ ನಿಲ್ಲುವವರೆಗೆ ಕಾದು ಓದಬೇಕು. ಇಂದು ಕಾದೆ. ಅದು ನಿಂತಲ್ಲಿ ಓದಿದೆ. ಹೂಂ ಅಣ್ಣ ಬರೆದುಕೊಳ್ಳುತ್ತಾ ಹಿಂದಿನ ವಾರದ ಸಾಲನ್ನು ಒಮ್ಮೆ ನೋಡಿದರು, ನನ್ನನ್ನು ಒಮ್ಮೆ ನೋಡಿದರು.

ದಿನಚರಿ ಮಹಾರಾಜರೇ, ಹಿಂದೆಲ್ಲ ನಾನು ಕಾಯುತ್ತಿರಲಿಲ್ಲ. ಹಳದಿಯದಾದರೆ ಅಂಕಿ ಇಳಿದಾಗ ಓದುತ್ತಿದ್ದೆ, ನೀಲಿಯದಾದರೆ ಏರಿದಾಗ. ಬೇಕೆಂದು ಮಾಡಿದ್ದಲ್ಲ. ನೀಲಿ ಎಂದು ಮೊದಲೇ ಗೊತ್ತಿತ್ತಲ್ಲ, ಅದಕ್ಕೆ. ನಾಳೆ ಮೇಡಂಗೆ ಹೇಳಬೇಕು.

ಹೆಚ್ಚೇನಲ್ಲ, ಪ್ರತಿ ಸಲವೂ ಅರ್ಧ ಗ್ರಾಂ ಇದ್ದೀತು. ಇಲಿಗೆ ಅರ್ಧ ಗ್ರಾಂ ಎಂದರೆ, ಲೆಕ್ಕ ಹಾಕಿ ನೋಡಿದೆ, ಅಕ್ಕನಿಗೆ ಒಂದು ಕಿಲೋಗಿಂತ ಹೆಚ್ಚು.